ಅಜ್ಜಿಯ ಸಂಧ್ಯಾ ಸುರಕ್ಷಾ ಮಂಜೂರಾಗಿದೆ ಅಂತಾರೆ, ದುಡ್ಡು ಮಾತ್ರ ಬಂದಿಲ್ಲ, ಯಾರನ್ನ ಕೇಳ್ಬೇಕು?

ಮೊಮ್ಮಗಳು_ಬೆಂಗಳೂರು:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಓದಿ, ಎಲ್ಲೂ ಸರಿಯಾದ ಉತ್ತರ ಸಿಗ್ತಿಲ್ಲ ಅಂತ ಇಲ್ಲಿ ಬರೀತಿದೀನಿ.

ನಮ್ಮಜ್ಜಿಗೆ 71. ಅಮ್ಮನ ಅಮ್ಮ. ಊರಲ್ಲಿ ಒಬ್ರೇ ಇರೋದು, ತಾತ ಹೋಗಿ ಎರಡು ವರ್ಷ ಆಯ್ತು. ಬೆಂಗಳೂರಿಗೆ ಬಾ ಅಂದ್ರೆ ಬರಲ್ಲ, ಎರಡು ಕುರಿ ಇದೆ ಅದನ್ನ ಯಾರು ನೋಡ್ಕೋತಾರೆ ಅಂತಾರೆ. ಕಳೆದ ಜೂನ್‌ನಲ್ಲಿ ನಾನೇ ರಜೆ ಹಾಕಿ ಹೋಗಿ ನಾಡಕಚೇರೀಲಿ ಸಂಧ್ಯಾ ಸುರಕ್ಷಾಗೆ (ವಯಸ್ಸಾದವರ ಪಿಂಚಣಿ) ಅರ್ಜಿ ಹಾಕಿಸಿ ಬಂದೆ, ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣ ಪತ್ರ, ಪಾಸ್‌ಬುಕ್ ಜೆರಾಕ್ಸ್ ಎಲ್ಲಾ ಕೊಟ್ಟಿದ್ದೆ. ಒಂದು ಚೀಟಿ ಕೊಟ್ರು. 45 ದಿನದಲ್ಲಿ ಆಗತ್ತೆ ಅಂದ್ರು. ಅಲ್ಲಿಂದ ಶುರುವಾಯ್ತು. ಅಜ್ಜಿ ಹೋದಾಗೆಲ್ಲ ಒಂದೊಂದು ಉತ್ತರ, ವಿ.ಎ. (ಗ್ರಾಮ ಲೆಕ್ಕಿಗ) ಬೆಳೆ ಸರ್ವೆಗೆ ಹೋಗಿದಾರೆ, ಸರ್ವರ್ ಇಲ್ಲ, ಆರ್.ಐ. (ಕಂದಾಯ ನಿರೀಕ್ಷಕ) ಮೀಟಿಂಗಲ್ಲಿದಾರೆ, ಸೋಮವಾರ ಬಾರಜ್ಜಿ. ನಮ್ಮೂರಿಂದ ಹೋಬಳಿಗೆ ಬಸ್ಸು ಬೆಳಿಗ್ಗೆ ಒಂದು ಸಂಜೆ ಒಂದು, ಮಧ್ಯೆ ಆಟೋನೇ ಗತಿ. ಏಳೋ ಎಂಟೋ ಸಲ ಓಡಾಡಿದಾರೆ, ನನಗೆ ಹೇಳಿದ್ದೇ ಮೂರು ಸಲ, ಉಳಿದದ್ದು ಪಕ್ಕದ ಮನೆಯವರು ಹೇಳಿ ಗೊತ್ತಾಗಿದ್ದು.

ಡಿಸೆಂಬರಲ್ಲಿ ಆದೇಶ ಪತ್ರ ಕೈಗೆ ಬಂತು. ಜನವರಿಯಿಂದ ತಿಂಗಳಿಗೆ 1200 ಅಂತ ಇದೆ. ಈಗ ಯುಗಾದಿ ಕಳೀತು, ಒಂದು ರೂಪಾಯಿ ಬಂದಿಲ್ಲ. ಪಾಸ್‌ಬುಕ್ ಎಂಟ್ರಿ ಮಾಡಿಸಿದ್ರೆ ಬರೀ ಬಡ್ಡಿ 14 ರೂಪಾಯಿ. ಕಚೇರಿಯಲ್ಲಿ ನಮ್ಮ ಕಡೆಯಿಂದ ಹೋಗಿದೆ ಬ್ಯಾಂಕಲ್ಲಿ ಕೇಳಿ ಅಂತಾರೆ, ಬ್ಯಾಂಕಲ್ಲಿ ನಮಗೆ ಬಂದಿಲ್ಲ ಕಚೇರೀಲಿ ಕೇಳಿ ಅಂತಾರೆ. ಮಧ್ಯೆ ಒಬ್ಬ 2000 ಕೊಟ್ರೆ ವಾರದಲ್ಲಿ ಮಾಡಿಸ್ಕೊಡ್ತೀನಿ ಅಂತ ಮನೆಗೇ ಬಂದಿದ್ನಂತೆ. ಅಜ್ಜಿ ಕುರಿ ಮಾರಿ ಕೊಡ್ಲಾ ಅಂತ ಫೋನಲ್ಲಿ ಕೇಳಿದ್ರು, ಆವಾಗಿಂದ ನನಗೆ ನಿದ್ದೆ ಬರ್ತಿಲ್ಲ.

ದುಡ್ಡು ಎಲ್ಲಿ ನಿಂತಿದೆ ಅಂತ ಕಂಡುಹಿಡಿಯೋದು ಹೇಗೆ? ಇನ್ನೊಂದು, ವಿಧವಾ ವೇತನಕ್ಕೂ ಹಾಕಿ ಅಂತ ಯಾರೋ ಹೇಳಿದ್ರು, ಹಾಕ್ಬಹುದಾ?

ಗ್ರಾಮ_ಒನ್_ಅಣ್ಣ:

ತಂಗಿ, ಮೊದಲು ಆ 2000ದವನಿಗೆ ಒಂದು ಪೈಸೆ ಕೊಡಬೇಡಿ ಅಂತ ಅಜ್ಜಿಗೆ ಈಗಲೇ ಫೋನ್ ಮಾಡಿ ಹೇಳಿ, ಆದೇಶ ಆಗಿಹೋಗಿದೆ, ಇನ್ನು ಅವನು ಮಾಡಿಸೋಕೆ ಏನೂ ಉಳಿದಿಲ್ಲ. ವಿಧವಾ ವೇತನಕ್ಕೆ ಹಾಕಬೇಡಿ, ಒಬ್ರಿಗೆ ಒಂದೇ ಪಿಂಚಣಿ. ಸಂಧ್ಯಾ ಸುರಕ್ಷಾದಲ್ಲೇ ದುಡ್ಡು ಜಾಸ್ತಿ, ಅದು 1200, ಇದು 800.

ನಾನು ಗ್ರಾಮ ಒನ್ (ಊರಲ್ಲೇ ಸರ್ಕಾರಿ ಸೇವೆ ಕೊಡೋ ಕೇಂದ್ರ) ನಡೆಸ್ತೀನಿ, ನಿಮ್ಮ ಥರದ ಕೇಸ್ ವಾರಕ್ಕೆ ಎರಡಾದ್ರೂ ನೋಡ್ತೀನಿ. ನೂರಕ್ಕೆ ನೂರು ಹೇಳೋಕಾಗಲ್ಲ, ಆದ್ರೆ ಇದು ಬಹುತೇಕ ಆಧಾರ್ ಮ್ಯಾಪಿಂಗ್ ಸಮಸ್ಯೆ. ಎಲ್ರೂ ತಪ್ಪು ತಿಳ್ಕೊಳ್ಳೋದು ಇಲ್ಲೇ. ನೀವು ಅರ್ಜಿ ಜೊತೆ ಯಾವ ಪಾಸ್‌ಬುಕ್ ಕೊಟ್ರಿ ಅನ್ನೋದು ಲೆಕ್ಕಕ್ಕೆ ಬರಲ್ಲ. ಈಗ ಪಿಂಚಣಿ ಹೋಗೋದು ಡಿ.ಬಿ.ಟಿ.ಯಲ್ಲಿ, ಅಂದ್ರೆ ನೇರ ಖಾತೆಗೆ ಜಮಾ, ಖಜಾನೆಯಿಂದ ಆಧಾರ್ ನಂಬರಿಗೆ ಕಳಿಸ್ತಾರೆ, ಆ ಆಧಾರ್ ಎನ್.ಪಿ.ಸಿ.ಐ. (ಬ್ಯಾಂಕುಗಳ ನಡುವೆ ಹಣ ಸಾಗಿಸೋ ಸಂಸ್ಥೆ) ಪಟ್ಟಿಯಲ್ಲಿ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆಯೋ ಆ ಬ್ಯಾಂಕಿಗೆ ದುಡ್ಡು ಹೋಗತ್ತೆ. ಕೊನೇಲಿ ಯಾವ ಬ್ಯಾಂಕು ಸೀಡ್ ಮಾಡ್ತೋ, ಅಂದ್ರೆ ಆ ಪಟ್ಟಿಗೆ ಸೇರಿಸ್ತೋ, ಅದೇ. ಬ್ಯಾಂಕಲ್ಲಿ ಆಧಾರ್ ಲಿಂಕ್ ಆಗಿದೆಯಾ ಅಂತ ಕೇಳಿದ್ರೆ ಆಗಿದೆ ಅಂತಾರೆ, ಅದು ಬರೀ ಕೆ.ವೈ.ಸಿ.ಗೆ (ಗುರುತಿನ ದಾಖಲೆಗೆ) ಆಗಿರೋದು. ನೀವು ಕೇಳ್ಬೇಕಾದ್ದು "ಎನ್.ಪಿ.ಸಿ.ಐ. ಸೀಡಿಂಗ್ ಆಗಿದೆಯಾ" ಅಂತ. ಲಿಂಕ್ ಬೇರೆ, ಸೀಡಿಂಗ್ ಬೇರೆ.

ಅಜ್ಜಿ ಹೆಸರಲ್ಲಿ ಬೇರೆ ಯಾವುದಾದ್ರೂ ಅಕೌಂಟ್ ಇದೆಯಾ ನೆನಪು ಮಾಡ್ಕೊಳ್ಳಿ. 2014ರಲ್ಲಿ ಜನಧನ್ ಬಂದಾಗ ಊರೂರಿಗೆ ಬಂದು ಬೆರಳು ಒತ್ತಿಸ್ಕೊಂಡು ಅಕೌಂಟ್ ಮಾಡಿದ್ರಲ್ಲ ಅದು, ಉದ್ಯೋಗ ಖಾತ್ರಿ ಕೂಲಿಗೆ ಮಾಡಿಸಿದ್ದು, ಸಂಘದ್ದು. ನಮ್ಮೂರಲ್ಲಿ ಒಬ್ರು ಸಿಮ್ ತಗೊಂಡಾಗ ಬೆರಳು ಒತ್ತಿದ್ದಕ್ಕೆ ಅವರಿಗೇ ಗೊತ್ತಿಲ್ದೆ ಪೇಮೆಂಟ್ ಬ್ಯಾಂಕ್ ಖಾತೆ ಆಗಿತ್ತು, ಐದು ತಿಂಗಳ ಪಿಂಚಣಿ ಅಲ್ಲಿ ಕೂತಿತ್ತು.

ನೋಡೋದು ಸುಲಭ. ಮೈ ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಬ್ಯಾಂಕಿನ ಹೆಸರು ತೋರಿಸತ್ತೆ. ಡಿ.ಬಿ.ಟಿ. ಕರ್ನಾಟಕ ಆಪ್ ಹಾಕ್ಕೊಂಡ್ರೆ ಯಾವ ತಿಂಗಳು ಎಷ್ಟು ಹೋಗಿದೆ ಅಂತಾನೂ ಬರತ್ತೆ. ಎರಡಕ್ಕೂ ಆಧಾರಿಗೆ ಲಿಂಕ್ ಇರೋ ಮೊಬೈಲಿಗೆ ಒ.ಟಿ.ಪಿ. ಬರ್ಬೇಕು. ನಂಬರ್ ಲಿಂಕ್ ಇಲ್ಲಾಂದ್ರೆ ನಿಮ್ಮೂರ ಪೋಸ್ಟ್‌ಮ್ಯಾನ್‌ನ ಕೇಳಿ, ಅಂಚೆಯವರು ಮನೆಗೇ ಬಂದು ಆಧಾರ್ ಮೊಬೈಲ್ ನಂಬರ್ ಅಪ್‌ಡೇಟ್ ಮಾಡ್ತಾರೆ, 2021ರಿಂದ ಆ ಸೌಲಭ್ಯ ಇದೆ, ಬಹಳ ಜನಕ್ಕೆ ಗೊತ್ತೇ ಇಲ್ಲ.

ಧಾರವಾಡ_ಮಾಸ್ತರ:

ಮ್ಯಾಲಿನವ್ರು ಹೇಳಿದ್ದು ಖರೇ ಅದರೀ, ಮೊದ್ಲ ಅದನ್ನ ನೋಡ್ರಿ. ನಾ ಹೇಳೂದು ಆದೇಶ ಆಗೂಕ್ಕಿಂತ ಮುಂಚಿನ ಕತಿ, ನಿಮಗ ಈಗ ಉಪಯೋಗ ಆಗಲಿಕ್ಕಿಲ್ಲ ಆದ್ರ ಇದನ್ನ ಓದವ್ರು ಭಾಳ ಮಂದಿ ಇರ್ತಾರ.

ನಮ್ಮ ಕಡೆ ಇದಕ್ಕ ಮುದುಕರ ಪಗಾರ ಅಂತಾರ್ರೀ. ನಮ್ಮ ದೊಡ್ಡವ್ವಂದು ಹಿಂಗ ಐದು ತಿಂಗಳ ಕುಂತಿತ್ತು. ಕೇಳಿದಾಗೆಲ್ಲಾ ಪೆಂಡಿಂಗ್ ಐತಿ, ಪೆಂಡಿಂಗ್ ಐತಿ. ಪೆಂಡಿಂಗ್ ಅಂದ್ರ ಯಾರ ಟೇಬಲ್ ಮ್ಯಾಲೆ? ಅದನ್ನ ಯಾರೂ ಹೇಳಂಗಿಲ್ಲ. ನಾಡಕಚೇರ್ಯಾಗ ಕೊಟ್ಟ ಅರ್ಜಿ ವಿ.ಎ. ಕಡೆ ಹೋಗ್ತದ, ಅವ್ರು ಮನಿಗೆ ಬಂದು ನೋಡಿ ವರದಿ ಹಾಕಬೇಕು, ಆಮ್ಯಾಲೆ ಆರ್.ಐ., ಆಮ್ಯಾಲೆ ಉಪ ತಹಶೀಲ್ದಾರ್ರ ಕಡೆ ಮಂಜೂರಿಗೆ. ಮೂರ ಕೈ. ನಿಮ್ಮ ಚೀಟಿ ಮ್ಯಾಲೆ ಸಕಾಲದ (ಸರ್ಕಾರಿ ಸೇವೆ ಇಷ್ಟ ದಿನದಾಗ ಕೊಡಬೇಕು ಅನ್ನೂ ಕಾಯ್ದೆ) ಜಿ.ಎಸ್.ಸಿ. ನಂಬರ್ ಅಂತ 15 ಅಂಕಿದ್ದು ಇರ್ತದ ನೋಡ್ರಿ, ಅದನ್ನ ಸಕಾಲ ವೆಬ್‌ಸೈಟ್‌ನ್ಯಾಗ ಹಾಕಿದ್ರ ಅರ್ಜಿ ಯಾರ ಕಡೆ ನಿಂತದ ಅಂತ ಕಾಣ್ತದ. ಅದನ್ನ ಪ್ರಿಂಟ್ ತಗೊಂಡು ಹ್ವಾದ್ರ ಮಾತಾಡೂ ರೀತೀನ ಬ್ಯಾರೆ ಆಗ್ತದ್ರೀ, "ಯಜಮಾನ್ರ ನಾಳೆ ಬರ್ರಿ" ಅನ್ನೂದು ನಿಂತೇ ಹೋತು.

ಸಕಾಲ ಕಾಯ್ದೆ 2011ರದ್ದು, ಅದರ ಪ್ರಕಾರ ಅವಧಿ ಮುಗಿದ ಮ್ಯಾಲೆ 30 ದಿನದೊಳಗ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಬಹುದು, ತಡ ಆದ ದಿನಕ್ಕ 20 ರೂಪಾಯಿ ಹಂಗ 500ರ ತನಕ ಪರಿಹಾರನೂ ಕೇಳಬಹುದು. ಆ ಅಧಿಕಾರಿ ಯಾರು ಅಂತ ಕಚೇರಿ ಬೋರ್ಡಿನ್ಯಾಗ ಬರದಿರ್ತದ. 500 ರೂಪಾಯಿ ಏನ್ ದೊಡ್ಡದಲ್ಲ, ಖರೆ ಆ ದುಡ್ಡು ತಡ ಮಾಡಿದವ್ರ ಪಗಾರದಾಗಿಂದ ಹೋಗ್ತದ, ಅದಕ್ಕ ಅವ್ರು ಅಂಜತಾರ. ಒಂದ ಮಾತು ನೆನಪಿಡ್ರಿ, 44ನೇ ದಿನ "ದಾಖಲೆ ಸರಿ ಇಲ್ಲ" ಅಂತ ತಿರಸ್ಕಾರ ಮಾಡಿದ್ರೂ ಸಕಾಲದ ಲೆಕ್ಕದಾಗ ಅದು ವಿಲೇವಾರಿ. ನಮ್ಮ ದೊಡ್ಡವ್ವಂದು ಮೊದಲನೇ ಅರ್ಜಿ ಹಂಗ ಹೋತು. ಕಾರಣ ಬರವಣಿಗ್ಯಾಗ ಕೇಳ್ರಿ. ಕೊಡಲಿಲ್ಲ ಅಂದ್ರ 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನ್ಯಾಗ ಅರ್ಜಿ ಹಾಕ್ರಿ, ಬಿ.ಪಿ.ಎಲ್. ಕಾರ್ಡ್ ಇದ್ದವ್ರಿಗೆ ಆ ಫೀನೂ ಇಲ್ಲ. ನಾ ಬರದಿದ್ದು ಒಂದ ಸಾಲು: ಈ ನಂಬರಿನ ಅರ್ಜಿ ಯಾವ್ಯಾವ ತಾರೀಖಿಗೆ ಯಾರ ಕಡೆ ಇತ್ತು, ದಿನವಹಿ ವಿವರ ಕೊಡ್ರಿ. ಉತ್ತರ ಬರೂದ್ರೊಳಗ ಆದೇಶನ ಬಂತು.

ಹಾಸನ_ಗೃಹಿಣಿ:

ಇದನ್ನ ಬರೀಬೇಕೋ ಬೇಡ್ವೋ ಅಂತ ಯೋಚ್ನೆ ಮಾಡಿ ಬರೀತಿದೀನಿ. ನಮ್ಮನೆಯವರು ಗ್ರಾಮ ಆಡಳಿತ ಅಧಿಕಾರಿ, ಮೊದಲು ಗ್ರಾಮ ಲೆಕ್ಕಿಗ ಅಂತಿದ್ರಲ್ಲ ಅದೇ. ಅಜ್ಜಿ ಏಳೆಂಟು ಸಲ ಅಲೆದಿದ್ದು ಓದಿ ನಿಜವಾಗ್ಲೂ ಸಂಕಟ ಆಯ್ತು, ಅದಕ್ಕೆ ಸಮರ್ಥನೆ ಇಲ್ಲ. ಆದ್ರೆ ಆ ಕಡೆ ಏನಾಗ್ತಿದೆ ಅನ್ನೋದೂ ತಿಳೀಲಿ ಅಂತ.

ಇವರಿಗೆ ಎರಡು ಸರ್ಕಲ್ ಚಾರ್ಜು. ಫೋನಲ್ಲಿ ಒಂದೊಂದು ಕೆಲ್ಸಕ್ಕೆ ಒಂದೊಂದು ಆಪ್, ಬೆಳೆ ಸಮೀಕ್ಷೆ, ಪಹಣಿಗೆ ಆಧಾರ್ ಜೋಡಣೆ, ಸರ್ಕಾರಿ ಜಮೀನು ನೋಡ್ಕೊಳ್ಳೋ ಲ್ಯಾಂಡ್ ಬೀಟ್, ಬಗರ್ ಹುಕುಂ, ಮಳೆ ಬಂದ್ರೆ ಮನೆ ಹಾನಿ, ಚುನಾವಣೆ ಬಂದ್ರೆ ಅದೂ. ಪಿಂಚಣಿ ಪರಿಶೀಲನೆ ಅದ್ರಲ್ಲಿ ಒಂದು. 2024ರ ಸೆಪ್ಟೆಂಬರಲ್ಲಿ, ಆಮೇಲೆ 2025ರ ಫೆಬ್ರವರೀಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳೆಲ್ಲ ಮುಷ್ಕರ ಕೂತಿದ್ದು ಈ ಒತ್ತಡಕ್ಕೇನೇ. ಆ ದಿನಗಳಲ್ಲಿ ಅರ್ಜಿ ಕೊಟ್ಟೋರಿಗೆ ತೊಂದ್ರೆ ಆಗಿದ್ದು ಹೌದು.

ಉಪಯೋಗ ಆಗೋ ವಿಷ್ಯ ಒಂದು ಹೇಳ್ತೀನಿ. ಎಷ್ಟೋ ಸಲ ಇವರು ಸ್ಥಳಕ್ಕೆ ಹೋದಾಗ ಮನೆಗೆ ಬೀಗ. ವಯಸ್ಸಾದವರು ಮನೇಲಿ ಇರ್ತಾರೆ ಅಂತ ನಾವು ಅಂದ್ಕೋತೀವಿ, ಹುಲ್ಲು ಕೊಯ್ಯೋಕೆ, ಕುರಿ ಮೇಯ್ಸೋಕೆ, ಶುಂಠಿ ಕೀಳೋ ಕೂಲಿಗೆ ಹೋಗಿರ್ತಾರೆ. ಅರ್ಜೀಲಿ ಕೊಟ್ಟ ಮೊಬೈಲ್ ನಂಬರ್ ಯಾರದೋ ಆಗಿರತ್ತೆ, ಬೆಂಗಳೂರಿನ ಮಗಂದೋ ಅಥವಾ ಅರ್ಜಿ ತುಂಬಿದ ಅಂಗಡಿಯವಂದೋ. ಮತ್ತೆ ಆ ಕಡೆ ಹೋಗೋದು ಹದಿನೈದು ದಿನಕ್ಕೋ ತಿಂಗಳಿಗೋ. ಹಾಗಾಗಿ ಅರ್ಜಿ ಹಾಕೋವಾಗ ಪಕ್ಕದ ಮನೆಯವರ ನಂಬರ್ ಕೊಡಿ, ಅಂಚೆಯವರಿಗೋ ಆಶಾ ಕಾರ್ಯಕರ್ತೆಗೋ ಒಂದು ಮಾತು ಹೇಳಿಡಿ. ತಿಂಗಳುಗಟ್ಟಲೆ ಸಮಯ ಉಳಿಯತ್ತೆ.

ಹಳೇ_ಪೋಸ್ಟ್‌ಮ್ಯಾನ್_ಮಗ:

ನಮ್ಮಪ್ಪ ಪೋಸ್ಟ್‌ಮ್ಯಾನ್ ಆಗಿದ್ರು, ಪಿಂಚಣಿ ಮನಿ ಆರ್ಡರಲ್ಲಿ ಬರ್ತಿದ್ದ ಕಾಲ. ಸೈಕಲ್ ಬೆಲ್ ಕೇಳಿದ್ರೆ ಅಜ್ಜಿಯರು ಜಗಲಿಗೆ ಬಂದು ಕೂತ್ಕೊಳ್ತಿದ್ರು. ಅದರಲ್ಲೂ ಹತ್ತೋ ಇಪ್ಪತ್ತೋ ಮುರ್ಕೊಳ್ಳೋರು ಇದ್ರು, ಆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಆದ್ರೆ ದುಡ್ಡು ಬಂದಿಲ್ಲ ಅಂದ್ರೆ ಯಾರನ್ನ ಕೇಳ್ಬೇಕು ಅಂತ ಅವರಿಗೆ ಗೊತ್ತಿತ್ತು, ನಮ್ಮಪ್ಪನ್ನ ಕೇಳೋರು. ಈಗ ಕೇಳೋಕೆ ಮನುಷ್ಯನೇ ಸಿಗಲ್ಲ, ಕೇಳಿದ್ರೆ ಮೇಲಿಂದ ಆಗ್ಬೇಕು ಅಂತಾರೆ.

ಇನ್ನೊಂದು ನನಗೆ ತುಂಬಾ ನೋವಾಗೋ ವಿಷಯ. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 80 ವರ್ಷದೊಳಗಿನವರಿಗೆ ತಿಂಗಳಿಗೆ 200 ರೂಪಾಯಿ, 2007ರಿಂದ ಅಷ್ಟೇ ಇದೆ. 80 ದಾಟಿದ್ರೆ 500. ಮಿಕ್ಕಿದ್ದು ರಾಜ್ಯ ಹಾಕೋದು. ಸಂಧ್ಯಾ ಸುರಕ್ಷಾ ಪೂರ್ತಿ ರಾಜ್ಯದ್ದೇ, ಅದು 1000 ಇದ್ದದ್ದು 1200 ಆಗಿದ್ದು 2021ರಲ್ಲಿ. ಅಷ್ಟು ಸಣ್ಣ ದುಡ್ಡು, ಅದಕ್ಕೆ ಒಂಬತ್ತು ತಿಂಗಳು. ಆಟೋ ಚಾರ್ಜಿಗೇ ಒಂದು ತಿಂಗಳ ಪಿಂಚಣಿ ಹೋಗಿರತ್ತೆ ನಿಮ್ಮಜ್ಜೀದು.

ಏನೂ ದಾರಿ ಕಾಣ್ದಿದ್ರೆ 1902ಕ್ಕೆ ಫೋನ್ ಮಾಡಿ, ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನ. ದೂರಿನ ನಂಬರ್ ಕೊಡ್ತಾರೆ, ಅದನ್ನ ಬರೆದಿಟ್ಕೊಳ್ಳಿ. ಹಿರಿಯ ನಾಗರಿಕರ ಸಹಾಯವಾಣಿ 14567 ಕೂಡ ಇದೆ. ಹೋಬಳೀಲಿ ಪಿಂಚಣಿ ಅದಾಲತ್ ಇಟ್ಟಾಗ ಮಾತ್ರ ತಪ್ಪಿಸ್ಕೊಬೇಡಿ, ಆವತ್ತು ವಿ.ಎ., ಆರ್.ಐ., ಉಪ ತಹಶೀಲ್ದಾರ್ ಮೂರೂ ಜನ ಒಂದೇ ಕಡೆ ಸಿಗ್ತಾರೆ.

ಮೊಮ್ಮಗಳು_ಬೆಂಗಳೂರು:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಗ್ರಾಮ ಒನ್ ಅಣ್ಣ ನೀವು ಹೇಳಿದ್ದೇ ಸರಿ. ಪೋಸ್ಟ್‌ಮ್ಯಾನ್ ಮನೆಗೆ ಬಂದು ನನ್ನ ನಂಬರ್ ಆಧಾರಿಗೆ ಹಾಕಿದ್ರು, ಅದು ಅಪ್‌ಡೇಟ್ ಆದ ಮೇಲೆ ನೋಡಿದ್ರೆ ಸೀಡಿಂಗ್ ಬೇರೆ ಬ್ಯಾಂಕಲ್ಲಿ ಇದೆ. ಆ ಬ್ಯಾಂಕಿನ ಹೆಸರು ಹೇಳಿದ್ರೆ ಅಜ್ಜಿಗೆ ನೆನಪೇ ಇಲ್ಲ. ಆಮೇಲೆ ಟ್ರಂಕಲ್ಲಿ ತಾತನ ಪಂಚೆ ಮಡಿಕೆಯೊಳಗೆ ಪಾಸ್‌ಬುಕ್ ಸಿಕ್ತು, 2014ರ ಜನಧನ್ ಖಾತೆ, ತಾತಾನೇ ಕರ್ಕೊಂಡು ಹೋಗಿ ಮಾಡಿಸಿದ್ದಂತೆ. ಡಿ.ಬಿ.ಟಿ. ಆಪಲ್ಲಿ ಜನವರಿ, ಫೆಬ್ರವರಿ ಎರಡೂ ಜಮಾ ಅಂತ ತೋರಿಸ್ತಿದೆ. ಅಜ್ಜಿಗೆ ಹೇಳಿದ್ರೆ, ನೋಡು ಹೋದ್ಮೇಲೂ ನನ್ ದುಡ್ಡು ಅವ್ರೇ ಇಟ್ಕೊಂಡಿದ್ರು ಅಂತ ಅತ್ರು.

ಕುರಿ ಮಾರ್ಲಿಲ್ಲ. ಆ ಮನುಷ್ಯನಿಗೆ ಇನ್ನು ಬರಬೇಡ ಅಂತ ಹೇಳಿದೀವಿ.

ಈಗ ಹೊಸ ತೊಂದ್ರೆ. ಆ ಖಾತೆ ಬಹಳ ವರ್ಷ ವಹಿವಾಟು ಇಲ್ದೆ ನಿಷ್ಕ್ರಿಯ ಆಗಿದೆಯಂತೆ, ದುಡ್ಡು ಒಳಗೆ ಬಂದಿದೆ ಆದ್ರೆ ತೆಗೆಯೋಕೆ ಮತ್ತೆ ಕೆ.ವೈ.ಸಿ. ಮಾಡ್ಬೇಕಂತೆ. ಬ್ಯಾಂಕು 22 ಕಿಲೋಮೀಟರ್. ಅಜ್ಜಿ ಬೆರಳು ಮೆಷಿನಲ್ಲಿ ಬೀಳಲ್ಲ, ರೇಷನ್ ತಗೊಳ್ಳೋವಾಗ್ಲೂ ಇದೇ ಗೋಳು, ಕೆಲ್ಸ ಮಾಡಿ ಮಾಡಿ ಗೆರೆಗಳೇ ಸವೆದಿವೆ. ಮಂಗಳವಾರ ರಜೆ ಹಾಕಿ ಹೋಗ್ತಿದೀನಿ, ಏನೇನು ತಗೊಂಡು ಹೋಗ್ಲಿ?

ಗ್ರಾಮ_ಒನ್_ಅಣ್ಣ:

ಆಧಾರ್ ಒರಿಜಿನಲ್, ರೇಷನ್ ಕಾರ್ಡ್, ಎರಡು ಫೋಟೋ, ಆ ಹಳೇ ಪಾಸ್‌ಬುಕ್, ಆದೇಶದ ಜೆರಾಕ್ಸ್. ಕೆ.ವೈ.ಸಿ. ಫಾರಂ ಕಾಗದದ್ದೇ ಕೇಳಿ, ಬೆರಳು ಬೀಳ್ದಿದ್ರೂ ಹೆಬ್ಬೆಟ್ಟು ಶಾಯಿಯಲ್ಲಿ ಒತ್ತಿಸಿ ತಗೋಬಹುದು. ಅಂದೇ ಒಂದು ನೂರು ರೂಪಾಯಿ ಆದ್ರೂ ತೆಗೆಸಿ, ಖಾತೆ ಚಾಲೂ ಆಗಿದೆಯಾ ಅಂತ ಗೊತ್ತಾಗ್ಲಿ.

ಹೋಗೋಕೆ ಮುಂಚೆ ಸೋಮವಾರ ಮ್ಯಾನೇಜರಿಗೆ ಒಂದು ಫೋನ್ ಮಾಡಿ. 70 ದಾಟಿದವರಿಗೆ ಮನೆ ಬಾಗಿಲಲ್ಲೇ ಬ್ಯಾಂಕ್ ಸೇವೆ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಸೂಚನೆ ಕೊಟ್ಟಿದೆ, ನಿಮ್ಮಜ್ಜಿಗೆ 71, ಬ್ಯಾಂಕ್ ಮಿತ್ರನ್ನ (ಊರಲ್ಲಿ ಬ್ಯಾಂಕಿನ ಪರ ಕೆಲ್ಸ ಮಾಡೋ ಏಜೆಂಟ್) ಮನೆಗೆ ಕಳಿಸ್ತೀರಾ ಅಂತ ಕೇಳಿ. ಒಪ್ಪಿದ್ರೆ ಅಜ್ಜಿ ಅಷ್ಟು ದೂರ ಬರೋದು ತಪ್ಪತ್ತೆ. ಒಪ್ಪದಿದ್ರೆ ಮಂಗಳವಾರ ಕರ್ಕೊಂಡು ಹೋಗಿ, ಅಲ್ಲಿ ಕೆಲ್ಸ ಆದ್ಮೇಲೆ ಹತ್ತಿರದ ಬ್ಯಾಂಕಿಗೆ ಸೀಡಿಂಗ್ ಬದಲಾಯಿಸೋ ಫಾರಂ ಕೊಡಿ. ಅದು ಬದಲಾದ್ಮೇಲೆ ಇನ್ನೊಂದ್ಸಲ ಸ್ಟೇಟಸ್ ನೋಡಿ, ಅಲ್ಲೀವರೆಗೂ ಹಳೇ ಖಾತೆ ಕ್ಲೋಸ್ ಮಾಡಬೇಡಿ, ಮಾರ್ಚಿನ ದುಡ್ಡು ಇನ್ನೂ ಅಲ್ಲಿಗೇ ಬರ್ಬಹುದು.