ಐಟಿಐ ಬಂದ್ ಆಗುತ್ತಂತೆ! (ನಮ್ಮನೆ ಗ್ರೂಪ್)

ಶಿವಮೊಗ್ಗ ಮಾವ: [ಹಲವು ಬಾರಿ ಫಾರ್ವರ್ಡ್ ಆಗಿದೆ] ⚠️ ಎಲೆಕ್ಟ್ರಿಕ್ ಗಾಡಿ ಬಂದಿರುವುದರಿಂದ ಮುಂದಿನ ವರ್ಷದಿಂದ ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್, ವೆಲ್ಡರ್ ಟ್ರೇಡ್ ಬಂದ್!! ಮಕ್ಕಳನ್ನು ಸೇರಿಸುವ ಮುಂಚೆ ಯೋಚಿಸಿ. ಎಲ್ಲರಿಗೂ ಕಳಿಸಿ.

ಪದ್ಮ ಚಿಕ್ಕಮ್ಮ: ಅಯ್ಯೋ ದೇವರೇ 🙏 ಈಗಲೇ ಕಳಿಸುತ್ತೇನೆ

ಕಿರಣ: ಮಾವ, ಇದನ್ನ ಹೇಳಿದ್ದು ಯಾರು? ಆದೇಶದ ಕಾಪಿ ಇದೆಯಾ? ಎಲೆಕ್ಟ್ರಿಕ್ ಗಾಡಿಗೆ ವೆಲ್ಡಿಂಗ್ ಬೇಡ್ವಾ? ಚಾಸಿಗೆ ಗೋಂದು ಹಾಕುತ್ತಾರಾ?

ಶಿವಮೊಗ್ಗ ಮಾವ: ನಮ್ಮ ಬ್ಯಾಂಕ್ ಮ್ಯಾನೇಜರ್ ಕಳಿಸಿದ್ದು. ಅವರು ಸುಮ್ನೆ ಕಳಿಸುವವರಲ್ಲ.

ಕಿರಣ: ಬೆಂಡೆಕಾಯಿ ನೀರು ಕುಡಿದರೆ ಶುಗರ್ ಹೋಗುತ್ತೆ ಅಂತ ಕಳಿಸಿದ್ದೂ ಅವರೇ ಅಲ್ವಾ? 2022ರಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಐಟಿಐ ಮೇಲ್ದರ್ಜೆಗೆ ಏರಿಸಿದರು. ಪ್ರಧಾನಿಯೇ ಬೆಂಗಳೂರಿಗೆ ಬಂದು ಉದ್ಘಾಟನೆ ಮಾಡಿದ್ದು. ಮುಚ್ಚೋಕೆ ಅಷ್ಟೆಲ್ಲ ಮಾಡ್ತಾರಾ?

ದೊಡ್ಡಪ್ಪ: ಗ್ರೂಪಿನಲ್ಲಿ ರಾಜಕೀಯ ಬೇಡ. ಈಗಿನ ಹುಡುಗರಿಗೆ ಕೈಗೆ ಗ್ರೀಸ್ ಆಗಬಾರದು, ಅದೇ ತೊಂದರೆ. ದುಡಿಮೆಗೆ ಮರ್ಯಾದೆ ಕೊಡುವುದನ್ನು ಕಲಿಯಿರಿ.

ಸರೋಜ ಅತ್ತೆ: ಅಣ್ಣ, ನಮ್ಮ ಮಂಜನ್ನ ಐಟಿಐಗೆ ಸೇರಿಸಿದಾಗ "ಪಿಯುಸಿಗೆ ಸೀಟ್ ಸಿಗಲಿಲ್ವಾ" ಅಂತ ಗೃಹಪ್ರವೇಶದ ಪಂಕ್ತಿಯಲ್ಲಿ ಎಲ್ಲರೆದುರು ಕೇಳಿದ್ದು ನೀನೇ.

ದೊಡ್ಡಪ್ಪ: ಕಾಳಜಿಯಿಂದ ಕೇಳಿದ್ದಮ್ಮ.

ಹುಬ್ಬಳ್ಳಿ ರಮೇಶ: ಯಪ್ಪಾ, ಅಜ್ಜನ ರಾಜದೂತ್ ಬೈಕ್ ನೆನಪಾತು 😂 ಪ್ಲಗ್ ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಊದಿ, ಹಾಕಿ ಒದ್ದರೆ ಓಣಿ ತುಂಬಾ ಹೊಗೆ!

ಸರೋಜ ಅತ್ತೆ: ಅದನ್ನ ಯಾರನ್ನೂ ಕೇಳದೆ ಮಾರಿದ್ದು ಯಾರು ಅಂತಲೂ ಕೇಳು.

ದೊಡ್ಡಪ್ಪ: ಅದರ ಲೆಕ್ಕ ಆವತ್ತೇ ಕೊಟ್ಟಾಗಿದೆ.

ಮಂಜ: ನಾನೀಗ ಮೋಟಾರ್ ಮೆಕ್ಯಾನಿಕ್ ಎರಡನೇ ವರ್ಷ. ಬಂದ್ ಅಂತ ನಮಗೆ ಯಾರೂ ಹೇಳಿಲ್ಲ. ಎಲೆಕ್ಟ್ರಿಕ್ ಗಾಡಿಗೆ ಬೇರೆ ಟ್ರೇಡೇ ಬಂದಿದೆ. ಆ ಗಾಡಿಗೂ ಬ್ರೇಕ್, ಸಸ್ಪೆನ್ಶನ್ ಇರುತ್ತೆ. ನಮಗೆ ಮೊದಲು ಎಂಜಿನ್ ಮುಟ್ಟೋಕೂ ಬಿಡಲಿಲ್ಲ. ಕಬ್ಬಿಣದ ತುಂಡನ್ನು ಅಲುಗದಂತೆ ವೈಸ್‌ಗೆ ಕಟ್ಟಿ ಫೈಲ್ ಅಂದ್ರೆ ಅರ ಹಿಡಿದು ಉಜ್ಜಬೇಕು. ಆಮೇಲೆ ಮೂಲೆ ನೇರ ಇದೆಯಾ ಅಂತ ನೋಡೋ ಟ್ರೈ ಸ್ಕ್ವೇರ್ ಇಟ್ಟು ಕಿಟಕಿ ಕಡೆ ಹಿಡಿಯಬೇಕು. ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜು ಅಂತಾರೆ ಸರ್.

ಪದ್ಮ ಚಿಕ್ಕಮ್ಮ: 👍 ಹಾಗಾದರೆ ಇದು ನಿಜಾನಾ ಸುಳ್ಳಾ? ಮಹಿಳಾ ಸಂಘಕ್ಕೂ ಹಾಕಿಬಿಟ್ಟೆ

ಕಿರಣ: ಚಿಕ್ಕಮ್ಮ, ಮೇಲೆ ಮಂಜ ಬರೆದಿದ್ದಾನಲ್ಲ!

ಶಿವಮೊಗ್ಗ ಮಾವ: ಇವತ್ತಲ್ಲ ನಾಳೆ ಆಗೇ ಆಗುತ್ತೆ, ನೋಡ್ತಿರಿ.

ದೊಡ್ಡಪ್ಪ: ಮಂಜ, ನನ್ನ ಸ್ಕೂಟರ್ ಬ್ರೇಕ್ ಹಿಡಿದರೆ ಕಿರ್ ಅನ್ನುತ್ತೆ. ಭಾನುವಾರ ಬಂದು ನೋಡಿಕೊಂಡು ಹೋಗಪ್ಪ.

ಸರೋಜ ಅತ್ತೆ: ಭಾನುವಾರ ಅವನಿಗೆ ರಜೆ. ಬಂದರೆ ಲೇಬರ್ ಚಾರ್ಜ್ ಆಗುತ್ತೆ ಅಣ್ಣ.