ನಾಟಿಂಗ್‌ಹ್ಯಾಮ್‌ಗೆ ಒಂದು ದಿನ ಹೋಗಬೇಕು, ಕಾರು ಎಲ್ಲಿ ಬಿಡೋದು?

ಊರುಸುತ್ತಿ:
ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಊರಿಂದ ಇಂಗ್ಲೆಂಡಿಗೆ ಬಂದಿದ್ದಾರೆ, ಶನಿವಾರ ಅವರನ್ನು ನಾಟಿಂಗ್‌ಹ್ಯಾಮ್‌ಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಎಂ1 ಹೆದ್ದಾರಿ ಮೇಲೆ ಬರುತ್ತೇವೆ. ಅಮ್ಮನಿಗೆ ಮಂಡಿನೋವು. ಅಪ್ಪನಿಗೆ ಅಂಗಡಿ ಬೀದಿ ಬೇಡವೇ ಬೇಡ, ಕೂತುಕೊಳ್ಳೋಕೆ ಒಂದು ಒಳ್ಳೆ ಪಾರ್ಕು ಇದ್ದರೆ ಸಾಕು. ಹೋದ ಸಲ ನಾನೊಬ್ಬನೇ ಬಂದಿದ್ದೆ. ಜಾಗ ಹುಡುಕಿ ಹುಡುಕಿ ಸಾಕಾಗಿ, ಯಾವುದೋ ಮನೆಗಳ ಬೀದಿಯಲ್ಲಿ ನಿಲ್ಲಿಸಿ ಹೋದೆ, ವಾಪಸ್ ಬಂದರೆ ಗಾಜಿನ ಮೇಲೆ ದಂಡದ ಹಳದಿ ಲಕೋಟೆ! ಈ ಸಲ ಅಪ್ಪನ ಮುಂದೆ ಮರ್ಯಾದೆ ಹೋಗಬಾರದು, ಯಾರಾದರೂ ಹೇಳಿ.

ಹಳಿ ಪಕ್ಕದ ಮನೆ:
ಸಿಟಿ ಒಳಗೆ ಕಾರು ತರಲೇಬೇಡಿ. ಎಂ1 ಜಂಕ್ಷನ್ 25ರಲ್ಲಿ ಇಳಿದರೆ ಹತ್ತಿರದಲ್ಲೇ ಟೋಟನ್ ಲೇನ್ ಅಂತ ಟ್ರಾಮಿನ ಕೊನೇ ಸ್ಟಾಪ್ ಇದೆ. ಕಾರು ಬಿಟ್ಟು ಟ್ರಾಮ್ ಹಿಡಿಯೋ ದೊಡ್ಡ ಪಾರ್ಕ್ ಅಂಡ್ ರೈಡ್ ಜಾಗ, ಟ್ರಾಮ್ ಹತ್ತುವವರಿಗೆ ಪಾರ್ಕಿಂಗ್ ಪುಕ್ಕಟೆ. ಮೆಟ್ಟಿಲಿಲ್ಲದೆ ನೇರ ಒಳಗೆ ಕಾಲಿಡಬಹುದು, ಅಮ್ಮನಿಗೆ ಕಷ್ಟ ಆಗಲ್ಲ. ಒಂದೇ ಒಂದು ಎಚ್ಚರಿಕೆ: ಟಿಕೆಟ್ ಹತ್ತುವ ಮೊದಲೇ ತಗೊಳ್ಳಿ, ಸ್ಟಾಪಿನಲ್ಲೇ ಮಷೀನ್ ಇರುತ್ತದೆ. ಒಳಗೆ ಹೋಗಿ ಕೊಡೋಣ ಅಂದುಕೊಂಡು ನಮ್ಮ ಭಾವ ದಂಡ ಕಟ್ಟಿದ್ದಾರೆ.

ಪಾರ್ಕು ಅಂದರೆ, ಅದೇ ಟ್ರಾಮಿನಲ್ಲಿ ಯೂನಿವರ್ಸಿಟಿ ಆಫ್ ನಾಟಿಂಗ್‌ಹ್ಯಾಮ್ ಸ್ಟಾಪಿನಲ್ಲಿ ಇಳಿಯಿರಿ. ಪಕ್ಕದಲ್ಲೇ ಹೈಫೀಲ್ಡ್ಸ್ ಪಾರ್ಕ್, ಕೆರೆ, ದೋಣಿ, ಬೆಂಚು ಎಲ್ಲ ಇದೆ. ನಾವು ಜ್ವರದ ಮಾತ್ರೆ ತರೋಕೆ ಬೂಟ್ಸ್ ಅಂಗಡಿಗೆ ಓಡುತ್ತೇವಲ್ಲ, ಅದನ್ನು ಬೆಳೆಸಿದ ಜೆಸ್ಸಿ ಬೂಟ್ ಕೊಟ್ಟ ಜಾಗ ಅದು. ಅಪ್ಪನಿಗೆ ಹೇಳಿ, ಖುಷಿಪಡುತ್ತಾರೆ.

ಜಿಂಕೆಮರಿ:
ಟ್ರಾಮ್ ಸರಿ, ಆದರೆ ವೊಲಾಟನ್ ಪಾರ್ಕ್ ನೋಡದೆ ಹೋಗೋದಾ? ಅಲ್ಲಿಗೆ ಮಾತ್ರ ಕಾರಿನಲ್ಲೇ ಹೋಗಿ, ಟ್ರಾಮ್ ಇಲ್ಲ, ಬಸ್ಸಿನಲ್ಲಿ ಹೋದರೆ ಗೇಟಿಂದ ಒಳಗೆ ತುಂಬಾ ನಡೆಯಬೇಕು. ಪಾರ್ಕಿಂಗಿಗೆ ದುಡ್ಡು ಕೊಡಬೇಕು, ಕೊಡಿ ಪರವಾಗಿಲ್ಲ. 500 ಎಕರೆ, ಜಿಂಕೆಗಳು ಸುಮ್ನೆ ಮೇಯುತ್ತಾ ಇರುತ್ತವೆ, ಗುಡ್ಡದ ಮೇಲೆ 1588ರಲ್ಲಿ ಕಟ್ಟಿ ಮುಗಿಸಿದ ದೊಡ್ಡ ಬಂಗಲೆ. ಫೋಟೋ ಆಸೆಗೆ ಅಪ್ಪ ಜಿಂಕೆ ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ, 50 ಮೀಟರ್ ದೂರ ಇರಬೇಕು. ಅಕ್ಟೋಬರ್‌ನಲ್ಲಿ ಗಂಡು ಜಿಂಕೆಗಳಿಗೆ ತಲೆ ಕೆಟ್ಟಿರುತ್ತದೆ.

ಸಂಬಳದವನು:
ಈ ಊರಲ್ಲಿ ಪಾರ್ಕಿಂಗ್ ಅಂದರೆ ನನಗೆ ಮೈ ಉರಿಯುತ್ತೆ. 2012ರಿಂದ ಆಫೀಸ್ ಪಾರ್ಕಿಂಗ್ ಮೇಲೂ ತೆರಿಗೆ. 11 ಅಥವಾ ಜಾಸ್ತಿ ಜಾಗ ಇರುವ ಕಂಪನಿ ಕಟ್ಟಬೇಕು. ನಮ್ಮ ಕಂಪನಿ ಏನು ಮಾಡಿತು ಗೊತ್ತಾ, ಅದನ್ನು ನಮ್ಮ ಸಂಬಳದಲ್ಲೇ ಹಿಡಿಯಿತು.

ಹಳಿ ಪಕ್ಕದ ಮನೆ:
ಹಿಡಿಯಲೇಬೇಕು ಅಂತ ರೂಲ್ಸ್ ಏನಿಲ್ಲ, ಅದು ನಿಮ್ಮ ಕಂಪನಿಯ ಬುದ್ಧಿ. ಆ ದುಡ್ಡು ಸೇರಿಯೇ 2015ರಲ್ಲಿ ಟೋಟನ್, ಕ್ಲಿಫ್ಟನ್ ಕಡೆಗೆ ಟ್ರಾಮ್ ಬಂದಿದ್ದು. ನಾನಂತೂ ಕಾರು ಮಾರಿಬಿಟ್ಟೆ.

ಸಂಬಳದವನು:
ನಿಮ್ಮ ಮನೆ ಹಳಿ ಪಕ್ಕ ಇದೆ ಸ್ವಾಮಿ. ನಮ್ಮದು ರಾತ್ರಿ ಪಾಳಿ, ಬೆಳಗಿನ ಜಾವ ಮೂರಕ್ಕೆ ಯಾವ ಟ್ರಾಮ್ ಹಿಡಿಯೋದು?

ಜಿಂಕೆಮರಿ:
ಇಬ್ಬರೂ ಬೇರೆ ಕಡೆ ಜಗಳ ಆಡಿ 😄 @ಊರುಸುತ್ತಿ, ಮನೆಗಳ ಬೀದಿಯಲ್ಲಿ ಪರ್ಮಿಟ್ ಇದ್ದವರಿಗೆ ಮಾತ್ರ ಅನ್ನೋ ಬೋರ್ಡ್ ಇದ್ದರೆ ಐದು ನಿಮಿಷವೂ ನಿಲ್ಲಿಸಬೇಡಿ. ಹಳದಿ ಲಕೋಟೆ ಕೌನ್ಸಿಲ್‌ದಾಗಿದ್ದರೆ 14 ದಿನದೊಳಗೆ ಕಟ್ಟಿದರೆ ಅರ್ಧ ದಂಡ. ಕಟ್ಟಿದ್ದೀರಿ ತಾನೇ?

ಊರುಸುತ್ತಿ:
ಹದಿಮೂರನೇ ದಿನ ಕಟ್ಟಿದೆ. ಬೆಳಗ್ಗೆ ಕಾರಿನಲ್ಲಿ ವೊಲಾಟನ್, ಮಧ್ಯಾಹ್ನ ಟೋಟನ್ ಲೇನ್‌ನಲ್ಲಿ ಕಾರು ಬಿಟ್ಟು ಟ್ರಾಮ್, ಕೆರೆ. ಅಮ್ಮ ಈಗಲೇ ಕೇಳುತ್ತಿದ್ದಾರೆ, ದೋಣಿ ಹತ್ತೋಕೆ ಮೆಟ್ಟಿಲು ಇದೆಯಾ ಅಂತ. ಯಾರಾದರೂ ಹತ್ತಿದ್ದೀರಾ?