ಪ್ರಶ್ನೋತ್ತರ: ಚಂದಾ ಕಟ್ಟುವ ಸಾಫ್ಟ್‌ವೇರ್ ಮುಂದೆ ಏನಾಗುತ್ತದೆ?

ಅಡ್ಮಿನ್: ಕಂಪನಿಗಳು ಕ್ಲೌಡ್ ಸಾಫ್ಟ್‌ವೇರ್ (ಇಂಟರ್ನೆಟ್ ಮೂಲಕ ಚಂದಾ ಕಟ್ಟಿ ಬಳಸುವಂಥದ್ದು) ಕೊಳ್ಳುವಾಗ, ಬಿಡುವಾಗ ಕರಾರು ನೋಡಿಕೊಡುವ ಸಲಹೆಗಾರರು ಇವತ್ತು ಗುಂಪಿನಲ್ಲಿದ್ದಾರೆ. ಏನು ಬೇಕಾದರೂ ಕೇಳಿ. ಫಾರ್ವರ್ಡ್ ಮಾತ್ರ ಬೇಡ.

ಹೊಸ ಮ್ಯಾನೇಜರ್: ನಮಸ್ಕಾರ ಮೇಡಂ. ಎಐ ಬಂದ ಮೇಲೆ ಚಂದಾ ಸಾಫ್ಟ್‌ವೇರ್ ಎಲ್ಲ ಮುಗಿದೇ ಹೋಗುತ್ತದಂತೆ, ನಿಜವಾ? ಮುಂದಿನ ತಿಂಗಳು ಮೂರು ವರ್ಷದ ಕರಾರಿಗೆ ಸಹಿ ಹಾಕಬೇಕು.

ಸಲಹೆಗಾರರು: ನಮಸ್ಕಾರ. ಚಂದಾ ಎಲ್ಲಿಗೂ ಹೋಗುವುದಿಲ್ಲ. ಅಲುಗಾಡುತ್ತಿರುವುದು ತಲೆ ಲೆಕ್ಕ. ಇಷ್ಟು ದಿನ 50 ಜನಕ್ಕೆ 50 ಲಾಗಿನ್, ಅಷ್ಟಕ್ಕೂ ದುಡ್ಡು. ಅದರಲ್ಲಿ 10 ಜನರ ಕೆಲಸವನ್ನು ಎಐ ಮಾಡಿದರೆ ಮಾರುವವರಿಗೆ 10 ಲಾಗಿನ್ ಖೋತಾ. ಅವರು ಸುಮ್ಮನಿರುತ್ತಾರಾ? ಕೆಲಸದ ಲೆಕ್ಕಕ್ಕೆ ಬರುತ್ತಿದ್ದಾರೆ. ಇಂಟರ್‌ಕಾಮ್ ಅನ್ನುವ ಕಂಪನಿಯ ಫಿನ್, ಅಂದರೆ ಗ್ರಾಹಕರಿಗೆ ಉತ್ತರ ಕೊಡುವ ಎಐ, ಬಗೆಹರಿದ ಒಂದೊಂದು ಪ್ರಶ್ನೆಗೆ 99 ಸೆಂಟ್ ಅಂತ ಶುರು ಮಾಡಿತು. ಸೇಲ್ಸ್‌ಫೋರ್ಸ್ ಕಂಪನಿ 2024ರಲ್ಲಿ ತನ್ನ ಎಐ ಸಹಾಯಕ ಏಜೆಂಟ್‌ಫೋರ್ಸ್‌ನ ಒಂದು ಮಾತುಕತೆಗೆ 2 ಡಾಲರ್ ಅಂದಿತು, ಮರುವರ್ಷವೇ ಮಾಡಿದ ಕೆಲಸಕ್ಕೆ ತಕ್ಕಂತೆ ಕ್ರೆಡಿಟ್ ಕಳೆಯುವ ಲೆಕ್ಕವನ್ನೂ ತಂದಿತು. ಬೆಲೆ ಹೇಗೆ ಕಟ್ಟಬೇಕು ಅಂತ ಮಾರುವವರೇ ಇನ್ನೂ ತಡಕಾಡುತ್ತಿದ್ದಾರೆ. ನೀವು ಯಾಕೆ ಇವತ್ತಿನ ಲಾಗಿನ್ ಲೆಕ್ಕಕ್ಕೆ ಮೂರು ವರ್ಷ ಕಟ್ಟುಬೀಳುತ್ತೀರಿ? ಒಂದು ವರ್ಷ ಕೇಳಿ. ಒಪ್ಪದಿದ್ದರೆ, ನಡುವೆ ಲಾಗಿನ್ ಕಡಿಮೆ ಮಾಡಬಹುದು ಅಂತ ಬರೆಸಿಕೊಳ್ಳಿ. ಕೆಲಸದ ಲೆಕ್ಕಕ್ಕೆ ಹೋದರೆ "ಬಗೆಹರಿದದ್ದು" ಅಂದರೆ ಏನು ಅನ್ನುವುದನ್ನೂ ಬರೆಸಿ. ಗ್ರಾಹಕ ಬೇಸತ್ತು ಚಾಟ್ ಮುಚ್ಚಿದರೂ ಬಗೆಹರಿಯಿತು ಅಂತ ಎಣಿಸುವವರಿದ್ದಾರೆ.

ಲೆಕ್ಕದ ಮೇಜು: ಮೇಡಂ, ಎಐ ಬಂದರೆ ಸಾಸ್ (ಈ ಚಂದಾ ಸಾಫ್ಟ್‌ವೇರ್) ಸಾಯುತ್ತಾ?

ಸಲಹೆಗಾರರು: ಇಲ್ಲ. ಮೇಲೆ ಬರೆದಿದ್ದೇನೆ.

ಗೋದಾಮು: ಬಿಲ್ಲಿಂಗ್‌ಗೆ ಯಾವುದು ಒಳ್ಳೆಯದು ಮೇಡಂ?

ಹಿರಿಯ ಸದಸ್ಯ: ಒಂದು ಉಪಯುಕ್ತ ಮೆಸೇಜ್ ಬಂದಿತ್ತು, ಹಾಗೇ ಹಾಕಿದ್ದೇನೆ. "ಚಂದಾ ಉಳಿಸುವ ಗುಟ್ಟು! ಇಡೀ ಆಫೀಸಿಗೆ ಒಂದೇ ಲಾಗಿನ್ ಸಾಕು. ಬೇಡವಾದಾಗ ಕಾರ್ಡ್ ಬ್ಲಾಕ್ ಮಾಡಿ, ಚಂದಾ ತಾನಾಗಿ ನಿಲ್ಲುತ್ತದೆ."

ಸಲಹೆಗಾರರು: ದಯವಿಟ್ಟು ಇದನ್ನು ಮುಂದಕ್ಕೆ ಕಳಿಸಬೇಡಿ. ಕಾರ್ಡ್ ಬ್ಲಾಕ್ ಮಾಡಿದರೆ ಹಣ ಹೋಗುವುದು ನಿಲ್ಲುತ್ತದೆ, ಕರಾರು ನಿಲ್ಲುವುದಿಲ್ಲ. ವರ್ಷದ ಒಪ್ಪಂದವಾದರೆ ಬಾಕಿ ಹಾಗೇ ಉಳಿಯುತ್ತದೆ. ಖಾತೆ ಮುಚ್ಚುತ್ತಾರೆ, ಕರಾರಿನಲ್ಲಿರುವ ಗಡುವು ಮುಗಿದ ಮೇಲೆ ನಿಮ್ಮ ದಾಖಲೆಗಳನ್ನೂ ಅಳಿಸಬಹುದು. ಇನ್ನು ಒಂದೇ ಲಾಗಿನ್? ನಾಳೆ ಒಂದು ಬಿಲ್ ಮಾಯವಾದರೆ ಅಳಿಸಿದ್ದು ಯಾರು ಅಂತ ಯಾರನ್ನು ಕೇಳುತ್ತೀರಿ?

ಹಿರಿಯ ಸದಸ್ಯ: ನಾನು ಬರೆದದ್ದಲ್ಲ, ಬಂದದ್ದನ್ನು ಹಾಕಿದೆ ಅಷ್ಟೇ.

ಲಿಫ್ಟ್ ಸರ್ವಿಸ್: ಮೇಡಂ, ನಮ್ಮದು ಲಿಫ್ಟ್ ರಿಪೇರಿ, ತಪಾಸಣೆ ಮಾಡುವ ಕಂಪನಿ. ಆರು ವರ್ಷದ ತಪಾಸಣೆ ವರದಿ, ಫೋಟೋ, ಸಹಿ ಎಲ್ಲ ಒಂದು ಕ್ಲೌಡ್ ಸಾಫ್ಟ್‌ವೇರ್‌ನಲ್ಲಿದೆ. ಆ ಕಂಪನಿಯನ್ನು ಬೇರೆಯವರು ಕೊಂಡರು. ಇನ್ನು 90 ದಿನಕ್ಕೆ ಸಾಫ್ಟ್‌ವೇರ್ ಬಂದ್ ಅಂತ ಮೇಲ್ ಬಂದಿದೆ. ದಾಖಲೆ ಹೊರತೆಗೆಯುವ ಎಕ್ಸ್‌ಪೋರ್ಟ್ ಬಟನ್ ಇದೆ, ಸಿಎಸ್‌ವಿ (ಸಾಲು, ಕಾಲಂ ಇರುವ ಪಟ್ಟಿ ಫೈಲ್) ಬರುತ್ತದೆ. ಕೊನೆಯ ವಾರ ತೆಗೆದುಕೊಂಡರೆ ಸಾಕಲ್ವಾ?

ಸಲಹೆಗಾರರು: ಸಾಲದು. ಉಳಿದವರು ಸ್ವಲ್ಪ ಕಾಯಿರಿ, ಇದಕ್ಕೆ ಉದ್ದವಾಗಿ ಬರೆಯಬೇಕು.

ಇವತ್ತೇ ಒಂದು ಸಲ ಎಕ್ಸ್‌ಪೋರ್ಟ್ ಮಾಡಿ ತೆರೆದು ನೋಡಿ. ಫೋಟೋ ಇರಬೇಕಾದ ಕಡೆ ಬರೀ ಲಿಂಕ್ ಇದ್ದೀತು. ಅವರ ಸರ್ವರ್ ನಿಂತ ದಿನ ಆ ಲಿಂಕ್ ಸತ್ತಂತೆ. ಫೋಟೋ ಫೈಲುಗಳನ್ನೇ ಇಳಿಸಿಕೊಳ್ಳಬೇಕು. ಗಂಟೆಗೆ ಇಷ್ಟೇ ಅಂತ ಮಿತಿ ಇದ್ದರೆ ಆರು ವರ್ಷದ ಫೋಟೋಗೆ ವಾರಗಳೇ ಹಿಡಿಯಬಹುದು. ಕೊನೆಯ ವಾರದಲ್ಲಿ ನಿಮ್ಮಂತೆ ಎಲ್ಲ ಗ್ರಾಹಕರೂ ಅದೇ ಬಾಗಿಲಿಗೆ ಬಂದಿರುತ್ತಾರೆ.

ಆಮೇಲೆ ಹೆಸರು. ತಪಾಸಣೆ ಮಾಡಿದವರ ಕಾಲಂನಲ್ಲಿ ಹೆಸರಿನ ಬದಲು ಒಂದು ನಂಬರ್ ಇರಬಹುದು. ಕೆಲಸ ಬಿಟ್ಟುಹೋದವರೂ ಸೇರಿದಂತೆ ಬಳಕೆದಾರರ ಪಟ್ಟಿ ಬೇರೆಯಾಗಿ ತೆಗೆದಿಡದಿದ್ದರೆ ಆ ನಂಬರ್ ಯಾರದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ತಾರೀಖನ್ನೂ ನೋಡಿ. ಎಷ್ಟೋ ಸಾಫ್ಟ್‌ವೇರ್ ಒಳಗೆ ಸಮಯವನ್ನು ನಮ್ಮ ಗಡಿಯಾರದಲ್ಲಲ್ಲ, ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ ಇಡುತ್ತವೆ, ಎಕ್ಸ್‌ಪೋರ್ಟ್‌ನಲ್ಲಿ ದಿನವೇ ಹಿಂದೆಮುಂದೆ ಆಗಬಹುದು. ಬೇರೆ ದಾಖಲೆಯಾದರೆ ನಡೆದೀತು. ಲಿಫ್ಟಿನಲ್ಲಿ ಅಪಘಾತವಾದ ದಿನ ಕೇಳುವುದೇ ಯಾರು ನೋಡಿದರು, ಯಾವಾಗ ನೋಡಿದರು ಅಂತ. ಅದಕ್ಕೇ ಪ್ರತಿ ವರದಿಯ ಪಿಡಿಎಫ್ ಕೂಡ ತೆಗೆಯಿರಿ, ಸಹಿ ಸಮೇತ. ಪರದೆಯಲ್ಲಿ ಎಷ್ಟು ವರದಿ ಇವೆ, ಸಿಎಸ್‌ವಿಯಲ್ಲಿ ಎಷ್ಟು ಸಾಲು ಇವೆ, ಎಣಿಸಿ. ಹಳೆಯ 20 ವರದಿ ಆರಿಸಿ ಒಂದೊಂದಾಗಿ ಹೋಲಿಸಿ.

ಇದರ ಜೊತೆಗೆ ಮೇಲ್ ಬರೆಯಿರಿ. ಮೊದಲೇ ಕಟ್ಟಿದ ಚಂದಾ ವಾಪಸ್, ಗಡುವಿನ ನಂತರವೂ ಓದಲು ಮಾತ್ರ ಪ್ರವೇಶ, ಎರಡನ್ನೂ ಕೇಳಿ. ಯುರೋಪಿನ ಡೇಟಾ ಆ್ಯಕ್ಟ್ 2025ರ ಸೆಪ್ಟೆಂಬರ್ 12ರಿಂದ ಜಾರಿಯಲ್ಲಿದೆ. ಗ್ರಾಹಕ ಬಿಟ್ಟುಹೋಗುವಾಗ ದಾಖಲೆ ತೆಗೆದುಕೊಳ್ಳಲು ಕನಿಷ್ಠ 30 ದಿನ ಕೊಡಬೇಕು ಅನ್ನುತ್ತದೆ. 2027ರ ಜನವರಿ 12ರಿಂದ ಬೇರೆ ಕಡೆ ಹೋಗುವುದಕ್ಕೆ ಶುಲ್ಕವನ್ನೂ ಕೇಳುವಂತಿಲ್ಲ. ಆ ಕಾನೂನು ನಿಮಗೆ ಅನ್ವಯಿಸದಿದ್ದರೂ ಮುಂದಿನ ಕರಾರಿನಲ್ಲಿ ಅದೇ ಮಾತು ಬರೆಸಿಕೊಳ್ಳಲು ಅಡ್ಡಿಯಿಲ್ಲ.

ಹಳೇ ಸರ್ವರ್: ಅದಕ್ಕೇ ಹೇಳುವುದು, ಸ್ವಂತ ಯಂತ್ರ, ಸ್ವಂತ ಡಿಸ್ಕ್. 37ಸಿಗ್ನಲ್ಸ್ ಕಂಪನಿಯವರೇ ಕ್ಲೌಡ್ ಬಿಟ್ಟು ಸ್ವಂತ ಸರ್ವರ್‌ಗೆ ಬಂದರು.

ಮೋಡದ ಮನುಷ್ಯ: ಅವರ ಕಸುಬೇ ಸಾಫ್ಟ್‌ವೇರ್ ಸರ್. ಲಿಫ್ಟ್ ರಿಪೇರಿಯವರ ಡಿಸ್ಕ್ ರಾತ್ರಿ ಎರಡಕ್ಕೆ ಕೈಕೊಟ್ಟರೆ ಎದ್ದು ಬರುವವರು ಯಾರು?

ಹಳೇ ಸರ್ವರ್: ನಮ್ಮಲ್ಲಿ ನಾನೇ ಬರುತ್ತೇನೆ.

ಮೋಡದ ಮನುಷ್ಯ: ನಿಮಗೆ ಜ್ವರ ಬಂದರೆ? ಮತ್ತೆ ಸ್ವಂತ ಯಂತ್ರ ಅಂದುಕೊಂಡವರ ಕಥೆಯೂ ಗೊತ್ತು. ಬ್ರಾಡ್‌ಕಾಮ್ 2023ರ ನವೆಂಬರ್‌ನಲ್ಲಿ ಸ್ವಂತ ಸರ್ವರ್ ನಡೆಸುವವರು ಬಳಸುವ ಸಾಫ್ಟ್‌ವೇರ್‌ನ ಕಂಪನಿ ವಿಎಂವೇರ್ ಕೊಂಡಿತು, ಡಿಸೆಂಬರ್‌ನಲ್ಲೇ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿತು. ಯಂತ್ರ ನಿಮ್ಮದು, ಚಂದಾ ಅವರದು!

ಹಳೇ ಸರ್ವರ್: 2013ರಲ್ಲಿ ಫೋಟೋಶಾಪ್‌ನ ಅಡೋಬಿ ಚಂದಾ ದಾರಿ ಹಿಡಿದಾಗಲೂ ನಿಮ್ಮಂಥವರು ಹೀಗೇ ತಲೆಯಾಡಿಸಿದ್ದು. ನಿಮ್ಮ ಕಂಪನಿ ಕ್ಲೌಡ್ ಮಾರುತ್ತದೆ ಅಲ್ವಾ? ಹೇಳಿಬಿಡಿ.

ಮೋಡದ ಮನುಷ್ಯ: ಮಾರುತ್ತದೆ. ಏನೀಗ? ನಿಮ್ಮ ಡಿವಿಡಿ ಜೋಪಾನ ಸ್ವಾಮಿ.

ಗೋದಾಮು: ಬಿಲ್ಲಿಂಗ್ ಬಗ್ಗೆ ಕೇಳಿದ್ದೆ.

ಸಲಹೆಗಾರರು: ಜಗಳ ಆಡುವ ಇಬ್ಬರಿಗೂ ಒಂದೇ ಪ್ರಶ್ನೆ. ಎರಡನೇ ಪ್ರತಿ ಎಲ್ಲಿದೆ? 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್ ಗೂಗಲ್ ಕ್ಲೌಡ್‌ನಲ್ಲಿ ಇಟ್ಟಿದ್ದ ಖಾಸಗಿ ಕ್ಲೌಡ್ ಅಳಿಸಿಹೋಗಿತ್ತು. ಬೇರೆ ಕಂಪನಿಯ ಬಳಿಯೂ ಬ್ಯಾಕಪ್ ಇಟ್ಟಿದ್ದು ಅವರ ಕೈಹಿಡಿಯಿತು.

ಹಳೇ ಸರ್ವರ್: ನನ್ನ ಬ್ಯಾಕಪ್ ಅದೇ ಕೋಣೆಯಲ್ಲಿದೆ. ಬೀಗ ಇದೆ.

ಸಲಹೆಗಾರರು: ಬೆಂಕಿಗೆ ಬೀಗ ಗೊತ್ತಾಗುವುದಿಲ್ಲ ಸರ್.

ರಜೆ ಪಟ್ಟಿ: ಎಐನಿಂದ ಸಾಸ್ ಕಥೆ ಮುಗಿಯಿತು ಅಂತಾರೆ, ನಿಮ್ಮ ಅಭಿಪ್ರಾಯ?

ಸಲಹೆಗಾರರು: ಮೂರನೇ ಸಲ. ಮೇಲೆ ಓದಿ.

ಹಿರಿಯ ಸದಸ್ಯ: ಇನ್ನೊಂದು ಮೆಸೇಜ್ ಇದೆ, ಎಐಗೆ ಹೇಳಿದರೆ ಒಂದೇ ದಿನದಲ್ಲಿ ಸ್ವಂತ ಸಾಫ್ಟ್‌ವೇರ್...

ಸಲಹೆಗಾರರು: ಬೇಡ. ಅಡ್ಮಿನ್, ದಯವಿಟ್ಟು ಇವರನ್ನು ನೋಡಿಕೊಳ್ಳಿ.

ಲಿಫ್ಟ್ ಸರ್ವಿಸ್: ಎಕ್ಸ್‌ಪೋರ್ಟ್ ಮಾಡಿದೆ ಮೇಡಂ. ಪರದೆಯಲ್ಲಿ 9,140 ವರದಿ, ಸಿಎಸ್‌ವಿಯಲ್ಲಿ 5,000 ಸಾಲು.

ಸಲಹೆಗಾರರು: ಸರಿಯಾಗಿ 5,000 ಅಂದರೆ ಅದು ಮಿತಿ ಇರಬೇಕು. ವರ್ಷಕ್ಕೊಂದರಂತೆ ಫಿಲ್ಟರ್ ಹಾಕಿ ಆರು ಸಲ ತೆಗೆಯಿರಿ. ಎಲ್ಲ ಕೂಡಿ 9,140 ಆಗುತ್ತದಾ ಹೇಳಿ, ಕಾಯುತ್ತಿರುತ್ತೇನೆ.